ಸಿಹಿಯ ಅಳತೆ ಯಾರ ಕೈಯಲ್ಲಿ?

2025ರ ನವೆಂಬರ್‌ನಲ್ಲಿ ಮುಧೋಳ ಭಾಗದ ಸಮೀರವಾಡಿಯಲ್ಲಿ ಕಬ್ಬು ಹೇರಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬೆಂಕಿ ಬಿತ್ತು. ಅದಕ್ಕೆ ಕೆಲವೇ ದಿನಗಳ ಮೊದಲು ರಾಜ್ಯ ಸರ್ಕಾರ ಟನ್ನಿಗೆ 3,300 ರೂಪಾಯಿ ದರ ಪ್ರಕಟಿಸಿತ್ತು. ಇಲ್ಲಿನ ರೈತರು 3,500 ರೂಪಾಯಿಗೆ ಪಟ್ಟು ಹಿಡಿದಿದ್ದರು. ಮೇಲ್ನೋಟಕ್ಕೆ ಇದು ಇನ್ನೂರು ರೂಪಾಯಿಯ ಜಗಳ. ಆದರೆ ಅದರ ಬೇರು ಇರುವುದು ಕಬ್ಬಿನ ರಸದಲ್ಲಿರುವ ಸುಕ್ರೋಸ್ ಎಂಬ ಅಣುವಿನಲ್ಲಿ ಮತ್ತು ಅದನ್ನು ಅಳೆಯುವ ಅಧಿಕಾರ ಯಾರದು ಎಂಬ ಪ್ರಶ್ನೆಯಲ್ಲಿ.

2025-26ನೇ ಹಂಗಾಮಿಗೆ ಕೇಂದ್ರವು ಗೊತ್ತುಪಡಿಸಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಶೇ 0.1ರಷ್ಟು ಏರಿದರೆ ಬೆಲೆಗೆ 3.46 ರೂಪಾಯಿ ಸೇರುತ್ತದೆ. ಅಂದರೆ ಇಳುವರಿಯ ಲೆಕ್ಕದಲ್ಲಿ ಅರ್ಧ ಅಂಶ ಹೆಚ್ಚು ಕಡಿಮೆಯಾದರೆ, ನೂರು ಟನ್ ಕಬ್ಬು ಕಳಿಸಿದ ರೈತನಿಗೆ 17,300 ರೂಪಾಯಿಯ ವ್ಯತ್ಯಾಸ. ಈ ಇಳುವರಿಯನ್ನು ಲೆಕ್ಕ ಹಾಕುವುದು ಕಾರ್ಖಾನೆ. ಅದೂ ಇಡೀ ಕಾರ್ಖಾನೆಯ ಸರಾಸರಿಯಾಗಿ. ರಸದ ಒಂದು ಪಾಲು ಎಥೆನಾಲ್‌ಗೆ ಹೋದಾಗ ಲೆಕ್ಕ ಇನ್ನೂ ಜಟಿಲವಾಗುತ್ತದೆ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಬೆಳೆಗಾರನಿಗೆ ತನ್ನ ಕಬ್ಬಿನಲ್ಲಿ ಎಷ್ಟು ಸಕ್ಕರೆ ಇತ್ತು ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ.

ವಿಜ್ಞಾನಕ್ಕೆ ಇದು ಬಿಡಿಸಲಾಗದ ಒಗಟೇನೂ ಅಲ್ಲ. ಸಕ್ಕರೆಯ ದ್ರಾವಣವು ಧ್ರುವೀಕೃತ ಬೆಳಕನ್ನು ತಿರುಗಿಸುತ್ತದೆ ಎಂಬುದನ್ನು ಫ್ರಾನ್ಸಿನ ಬಯೋ 1815ರಲ್ಲೇ ಕಂಡರು. ಕಾರ್ಖಾನೆಯ ಪ್ರಯೋಗಾಲಯದ ಪೋಲಾರಿಮೀಟರ್ ನಿಂತಿರುವುದು ಇದೇ ತತ್ವದ ಮೇಲೆ. 1962ರಲ್ಲಿ ಅಮೆರಿಕದ ಕ್ಲಾರ್ಕ್ ಮತ್ತು ಲಯನ್ಸ್, ಗ್ಲೂಕೋಸ್ ಅಣುವನ್ನು ಗುರುತಿಸುವ ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ವಿಧಾನ ತೋರಿಸಿದರು. ಇಂದು ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಗ್ಲೂಕೋಮೀಟರ್ ಅದರ ಸಂತಾನ. ತನ್ನ ರಕ್ತದ ಸಕ್ಕರೆಯನ್ನು ಮನೆಯಲ್ಲೇ ಅಳೆದುಕೊಳ್ಳುವ ರೈತ, ತನ್ನ ಕಬ್ಬಿನ ಸಕ್ಕರೆಗೆ ಮಾತ್ರ ಬೇರೆಯವರ ಮಾತನ್ನು ನಂಬಬೇಕಾಗಿದೆ!

ಕೈಯಲ್ಲಿ ಹಿಡಿಯುವ ರಿಫ್ರ್ಯಾಕ್ಟೋಮೀಟರ್ ಇದೆಯಲ್ಲ ಎನ್ನಬಹುದು. ಅದು ರಸದಲ್ಲಿ ಕರಗಿದ ಒಟ್ಟು ಪದಾರ್ಥವನ್ನು ತೋರಿಸುತ್ತದೆಯೇ ಹೊರತು ಸುಕ್ರೋಸನ್ನಷ್ಟೇ ಬೇರ್ಪಡಿಸಿ ತೋರಿಸದು. ಕಡಿದ ಕಬ್ಬು ಕಾರ್ಖಾನೆಯ ಗೇಟಿನಲ್ಲಿ ದಿನಗಟ್ಟಲೆ ನಿಂತರೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಬಿಸಿಲಿಗೆ ತೂಕವೂ ಇಳಿಯುತ್ತದೆ. ಈ ಹಾನಿ ಹೊಲದಲ್ಲಿ ಆಯಿತೋ ಸರದಿಯಲ್ಲಿ ಆಯಿತೋ ಎಂದು ಹೇಳಬಲ್ಲದ್ದು ಅಣುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸಂವೇದಕ ಮಾತ್ರ.

ಅಣುಬಂಧಗಳು ಹೀರಿಕೊಳ್ಳುವ ಅವಗೆಂಪು ಬೆಳಕನ್ನು ಓದಿ, ರಾಸಾಯನಿಕಗಳಿಲ್ಲದೆ ಕೆಲವೇ ನಿಮಿಷಗಳಲ್ಲಿ ಸಕ್ಕರೆ ಅಂಶ ತಿಳಿಸುವ ಯಂತ್ರಗಳು ಈಗ ಬಳಕೆಯಲ್ಲಿವೆ. ಆಸ್ಟ್ರೇಲಿಯಾದಲ್ಲಿ ಪ್ರತಿ ಬೆಳೆಗಾರನ ಕಬ್ಬನ್ನು ಪ್ರತ್ಯೇಕವಾಗಿ ಪರೀಕ್ಷಿಸಿ, ಸಿಹಿಗೆ ತಕ್ಕಂತೆ ಹಣ ಕೊಡುವ ಪದ್ಧತಿಯಿದೆ. ಆದರೆ ಯಂತ್ರ ತಂದು ನಿಲ್ಲಿಸಿದರೆ ಸಾಲದು. ಬೇರೆ ನಾಡಿನ ಕಬ್ಬಿಗೆ ಹೊಂದಿಸಿದ ಯಂತ್ರ ಕೃಷ್ಣಾ-ಘಟಪ್ರಭಾ ದಂಡೆಯ ಕಪ್ಪು ಮಣ್ಣಿನ ಕಬ್ಬಿಗೆ ತಪ್ಪು ಲೆಕ್ಕ ಕೊಟ್ಟೀತು. ಇಲ್ಲಿನ ತಳಿ, ಇಲ್ಲಿನ ಮಣ್ಣಿಗೆ ಅದನ್ನು ಹೊಂದಿಸುವುದೇ ನಿಜವಾದ ಸಂಶೋಧನೆ. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಒಂದಾಗಿ ಇದನ್ನು ಕೈಗೆತ್ತಿಕೊಳ್ಳಬೇಕು.

ಪ್ರತಿ ಗಾಡಿಯ ಪರೀಕ್ಷೆ ವೆಚ್ಚದಾಯಕ ಎಂಬ ಆಕ್ಷೇಪ ಸುಳ್ಳಲ್ಲ. ಸವುಳು ಜಮೀನಿನ ಬಡ ರೈತನಿಗೆ ಪ್ರತ್ಯೇಕ ಲೆಕ್ಕದಿಂದ ನಷ್ಟವಾಗಬಹುದು ಎಂಬ ಆತಂಕವೂ ಸಹಜ. ಆದ್ದರಿಂದ ಮೊದಲ ಹೆಜ್ಜೆಯಾಗಿ ದರದ ಪದ್ಧತಿಯನ್ನು ಬದಲಿಸದೆ, ತಾಲ್ಲೂಕಿಗೊಂದು ಸ್ವತಂತ್ರ ಪರೀಕ್ಷಾ ಕೇಂದ್ರ ತೆರೆದು ಕಾರ್ಖಾನೆಯ ಲೆಕ್ಕವನ್ನು ತಾಳೆ ನೋಡಲಿ. ಕಬ್ಬು ತೂಗುವ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು ಎನ್ನುವ ನಾವು, ಸಿಹಿಯ ತಕ್ಕಡಿಗೆ ಅದೇ ಮುದ್ರೆಯನ್ನು ಏಕೆ ಕೇಳಬಾರದು?