ಪುಕ್ಕಟೆ ಗಾಳಿಯ ಲೆಕ್ಕ

‘ಟರ್ಬೊ’ ಈಗ ಯಂತ್ರದ ಒಂದು ಭಾಗದ ಹೆಸರಾಗಿ ಉಳಿದಿಲ್ಲ, ವಿಶೇಷಣವಾಗಿದೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರು ನೋಡಲು ಹೋದವರಿಗೆ ಅದು ಮೊದಲು ಕಾಣುವುದು ಬೆನ್ನ ಮೇಲಿನ ಹೊಳೆಯುವ ಅಕ್ಷರವಾಗಿ. ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಬುಗುರಿ, ಸುಂಟರಗಾಳಿ ಎಂಬ ಅರ್ಥಗಳಿವೆ. ಮಾರುವವರ ಬಾಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ: ಪುಕ್ಕಟೆ. ‘ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುವ ಹೊಗೆಯಿಂದಲೇ ಶಕ್ತಿ ಬರ್ತದ್ರಿ, ಎಂಜಿನ್ನಿಗೆ ಭಾರಿಲ್ಲ.’ ನನ್ನ ಜಗಳ ಈ ಮಾತಿನ ಜೊತೆ. ಯಂತ್ರಶಾಸ್ತ್ರದಲ್ಲಿ ಪುಕ್ಕಟೆ ಎಂಬುದಿಲ್ಲ. ಇರುವುದು ಎರಡೇ: ಮೊದಲೇ ಕೊಡುವ ಬೆಲೆ, ಆಮೇಲೆ ಕೊಡುವ ಬೆಲೆ.

ಮೂಲ ಸಂಗತಿ ಸರಳ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಂಜಿನ್ ದೊಡ್ಡದು ಮಾಡದೆ ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಇಂಧನ ಉರಿಯಬೇಕು. ಅದಕ್ಕೆ ಗಾಳಿಯನ್ನು ಒತ್ತಿ ತುಂಬಬೇಕು. ಕಮ್ಮಾರನ ತಿದಿ ಮಾಡುವುದೂ ಇದೇ ಕೆಲಸ. ತಿದಿ ಒತ್ತುವವರು ಯಾರು ಎಂಬುದಷ್ಟೇ ಪ್ರಶ್ನೆ. ಸೂಪರ್‌ಚಾರ್ಜರಿನಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ತನ್ನ ತಿದಿಯನ್ನು ತಾನು ಒತ್ತಿಕೊಳ್ಳುತ್ತದೆ. ಟರ್ಬೊದಲ್ಲಿ ಹೊರಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿ ತಳ್ಳುತ್ತದೆ. ಎರಡೂ ಹೊಸವಲ್ಲ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರ ಊದುಯಂತ್ರಕ್ಕೆ 1860ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆ ಮಾದರಿಯೇ ಮುಂದೆ ಕಾರಿನ ಸೂಪರ್‌ಚಾರ್ಜರ್ ಆಯಿತು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಹೊಗೆಯಿಂದ ತಿರುಗುವ ತಿದಿಗೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಸೂಪರ್‌ಚಾರ್ಜರ್ ಸುಂಕವನ್ನು ಮೊದಲೇ ವಸೂಲಿ ಮಾಡುತ್ತದೆ. ದೊಡ್ಡ ಎಂಜಿನ್ನುಗಳಲ್ಲಿ ಹತ್ತಾರು ಅಶ್ವಶಕ್ತಿ ಅದನ್ನು ತಿರುಗಿಸಲಿಕ್ಕೇ ಹೋಗುತ್ತದೆ, ಮೈಲೇಜು ಇಳಿಯುತ್ತದೆ. ಆದರೆ ಕಾಲಿಟ್ಟ ಕ್ಷಣಕ್ಕೆ ಎಳೆತ ಸಿಗುತ್ತದೆ. ಟರ್ಬೊ ಹಾಗಲ್ಲ. ಹೊಗೆ ಸಾಕಷ್ಟು ಬರುವ ತನಕ ಬುಗುರಿ ವೇಗ ಹಿಡಿಯುವುದಿಲ್ಲ. ಒತ್ತಿದ್ದಕ್ಕೂ ಎಳೆದದ್ದಕ್ಕೂ ನಡುವೆ ಒಂದು ತಡವಿರುತ್ತದೆ. ಹೊಗೆಯ ದಾರಿಗೆ ಚಕ್ರ ಅಡ್ಡ ನಿಂತಿರುವುದರಿಂದ ಎಂಜಿನ್ ಅದನ್ನು ಹೊರದಬ್ಬಲು ಹೆಚ್ಚು ದುಡಿಯಬೇಕು. ಅಲ್ಲಿಗೆ ‘ಪುಕ್ಕಟೆ’ಯ ಮೊದಲ ಪದರ ಕಳಚಿತು. ನಿಜ, ಬಿಸಾಡುವ ಶಕ್ತಿಯಲ್ಲಿ ಒಂದಿಷ್ಟನ್ನು ಟರ್ಬೊ ಮರಳಿ ಹಿಡಿಯುತ್ತದೆ. ಹಾಗೆಂದು ‘ಕಡಿಮೆ ಬೆಲೆ’ಯನ್ನು ‘ಬೆಲೆಯಿಲ್ಲ’ ಎಂದು ಓದುವುದು ಜಾಹೀರಾತಿನ ವ್ಯಾಕರಣ.

ಇವೆರಡನ್ನು ಹುಟ್ಟು ವೈರಿಗಳೆಂದು ವಾದಿಸುವ ಗೆಳೆಯರಿಗೆ ನಾನು ತೋರಿಸುವುದು ನಮ್ಮೂರಿನದೇ ಉದಾಹರಣೆ. ಹುಬ್ಬಳ್ಳಿಯ ಡೀಸೆಲ್ ಲೋಕೊ ಶೆಡ್ಡಿನಲ್ಲಿ ವರ್ಷಗಳಿಂದ ಡಬ್ಲ್ಯುಡಿಜಿ-4 ರೈಲು ಎಂಜಿನ್ನುಗಳಿವೆ. ಅಮೆರಿಕದ ಇಎಂಡಿ ವಿನ್ಯಾಸದ, 16 ಸಿಲಿಂಡರಿನ, 4000 ಅಶ್ವಶಕ್ತಿಯ ಟು-ಸ್ಟ್ರೋಕ್ ಡೀಸೆಲ್. ಟು-ಸ್ಟ್ರೋಕ್ ಡೀಸೆಲ್ ಹೊರಗಿನಿಂದ ಗಾಳಿ ತಳ್ಳದಿದ್ದರೆ ಉಸಿರಾಡುವುದೇ ಇಲ್ಲ. ಆದರೆ ಚಾಲೂ ಮಾಡುವಾಗ ಹೊಗೆಯಲ್ಲಿ ಬಲವಿರುವುದಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಇದು: ಕಡಿಮೆ ವೇಗದಲ್ಲಿ ಎಂಜಿನ್ನೇ ಗೇರುಗಳ ಮೂಲಕ ಟರ್ಬೊವನ್ನು ತಿರುಗಿಸುತ್ತದೆ, ಅಂದರೆ ಅದು ಸೂಪರ್‌ಚಾರ್ಜರ್. ಭಾರ ಹೆಚ್ಚಿ ಹೊಗೆಗೆ ಬಲ ಬಂದಾಗ ಒಂದು ಕ್ಲಚ್ಚು ತಾನಾಗಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಅದು ಅಪ್ಪಟ ಟರ್ಬೊ. ನಿಂತಲ್ಲಿಂದ ಎಳೆಯುವ ಗಳಿಗೆಯಲ್ಲಿ ಪುಕ್ಕಟೆ ಗಾಳಿಯನ್ನು ನಂಬಿ ಕೂರಲಾಗದು ಎಂಬುದನ್ನು ಆ ವಿನ್ಯಾಸಕಾರರು ಗೇರಿನಲ್ಲೇ ಬರೆದಿಟ್ಟಿದ್ದಾರೆ. ಕಾರುಗಳಲ್ಲೂ ಇಂಥ ಪ್ರಯತ್ನವಾಗಿದೆ. 2005ರಲ್ಲಿ ಫೋಕ್ಸ್‌ವ್ಯಾಗನ್ 1.4 ಲೀಟರಿನ ಎಂಜಿನ್ನಿಗೆ ಎರಡನ್ನೂ ಜೋಡಿಸಿತು. ಮುಂದೆ ಟರ್ಬೊ ಒಂದನ್ನೇ ಉಳಿಸಿಕೊಂಡಿತು.

ಹಾಗಾದರೆ ನಮ್ಮ ಸಣ್ಣ ಕಾರುಗಳಲ್ಲಿ ಟರ್ಬೊ ಯಾಕೆ ತುಂಬಿತು, ಸೂಪರ್‌ಚಾರ್ಜರ್ ಯಾಕೆ ಕಾಣಲಿಲ್ಲ? ಮೈಲೇಜು ಮತ್ತು ಹೊಗೆಯ ನಿಯಮ ಒಂದು ಕಾರಣ. ಇನ್ನೊಂದು ತೆರಿಗೆ. 2006ರ ಕೇಂದ್ರ ಬಜೆಟ್ಟು ನಾಲ್ಕು ಮೀಟರಿನೊಳಗಿನ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಒಳಗಿನ ಕಾರಿಗೆ ಸುಂಕ ಇಳಿಸಿತು. ಆ ಗೆರೆ ಇಂದಿಗೂ ಇದೆ: 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನವಕ್ಕೆ ಶೇ. 18 ಜಿಎಸ್‌ಟಿ, ಹೊರಗಿನವಕ್ಕೆ ಶೇ. 40. ಎಂಜಿನ್ ಚಿಕ್ಕದಿರಬೇಕು, ಶಕ್ತಿ ದೊಡ್ಡದಿರಬೇಕು ಎಂದರೆ ಕಂಪನಿ ಟರ್ಬೊ ಹಾಕದೆ ಇನ್ನೇನು ಹಾಕೀತು? ‘ನಿಮ್ಮ ಆಯ್ಕೆ’ ಎಂದು ಶೋರೂಮಿನಲ್ಲಿ ಹೇಳುವುದರಲ್ಲಿ ಬಹುಪಾಲು ದೆಹಲಿಯಲ್ಲಿ ಆಗಿಹೋದ ಆಯ್ಕೆ.

ಇರಲಿ. ಟರ್ಬೊ ಬಂದದ್ದಕ್ಕೆ ನನ್ನ ತಕರಾರಿಲ್ಲ. ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎಂಬುದಕ್ಕೆ ತಕರಾರಿದೆ. ಸಣ್ಣ ಪೆಟ್ರೋಲ್ ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುತ್ತದೆ. ಒಂದು ಕಡೆ 900 ಡಿಗ್ರಿ ಆಸುಪಾಸಿನ ಹೊಗೆ, ಇನ್ನೊಂದು ಕಡೆ ಹೊರಗಿನ ಗಾಳಿ. ನಡುವಿನ ಕಡ್ಡಿ ತೇಲುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಆಯಿಲು ಹಳತಾದರೆ, ತಪ್ಪು ದರ್ಜೆಯದಾದರೆ, ಘಟ್ಟ ಹತ್ತಿ ಬಂದ ಕೂಡಲೇ ಚಾವಿ ತಿರುಗಿಸುವುದು ರೂಢಿಯಾದರೆ ಆ ಪದರ ಸುಟ್ಟು ಕರಿಯಾಗುತ್ತದೆ. ಈ ಕರಿ ಮೊದಲ ವರ್ಷ ಕಾಣುವುದಿಲ್ಲ. ಕಾಣುವ ಹೊತ್ತಿಗೆ ಗಾಡಿ ಎರಡನೆಯವರ ಕೈಗೆ ಹೋಗಿರುತ್ತದೆ.

ನನ್ನ ಸೋದರಮಾವ ಹಾಗೆ ಕೊಂಡ ಎರಡನೆಯವರು. ಆರು ವರ್ಷದ ಗಾಡಿ, ಒಳಗೆ ಹೊಸ ಸೀಟು ಕವರು, ಬೆನ್ನ ಮೇಲೆ ಟರ್ಬೊ ಅಕ್ಷರ. ಮಾರಿದವರು ಸರ್ವಿಸ್ ದಾಖಲೆ ಕೊಡಲಿಲ್ಲ. ಕೇಳಬೇಕೆಂದು ಮಾವನಿಗೆ ಯಾರೂ ಹೇಳಿರಲಿಲ್ಲ. ನಾಲ್ಕನೆಯ ತಿಂಗಳು ನೀಲಿ ಹೊಗೆ. ‘ಎಣ್ಣಿ ಸುಟ್ಟು ಇದ್ದಲಿ ಆಗೇತ್ರಿ ಕಾಕಾ, ಹಿಂದಿನ ಮಾಲಕ ಬದಲೀನ ಮಾಡಿಸಿಲ್ಲ’ ಎಂದ ಮೆಕ್ಯಾನಿಕ್. ಬಿಲ್ಲು 62,000 ರೂಪಾಯಿ. ಒಬ್ಬರು ಸವಿದ ಪಿಕಪ್ಪಿಗೆ ಇನ್ನೊಬ್ಬರು ಸಾಲ ತೀರಿಸುವ ಈ ವ್ಯವಸ್ಥೆಗೆ ಪುಕ್ಕಟೆ ಎಂದು ಹೆಸರಿಡುವುದು ಯಾವ ನ್ಯಾಯ?

‘ಇದು ಹಳೇ ಕಥೆ, ಈಗಿನ ಟರ್ಬೊಗಳು ಹಾಗಿಲ್ಲ’ ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಚಕ್ರಗಳು ಹಗುರಾಗಿ ತಡ ಬಹಳ ಕಡಿಮೆಯಾಗಿದೆ, ಹಲವು ಎಂಜಿನ್ನುಗಳಲ್ಲಿ ಟರ್ಬೊವನ್ನು ನೀರಿನಿಂದಲೂ ತಂಪು ಮಾಡುತ್ತಾರೆ. ಆದರೆ ಬಿಸಿ ಹೋಗಿಲ್ಲ, ಆಯಿಲಿನ ಅವಲಂಬನೆ ಹೋಗಿಲ್ಲ. ಇನ್ನು ಕೆಲವು ಹುಡುಗರು ಹೊರಗಿನಿಂದ ಕಿಟ್ ತರಿಸಿ ಟರ್ಬೊ ಇಲ್ಲವೆ ಸೂಪರ್‌ಚಾರ್ಜರ್ ಕೂರಿಸುವ ಕನಸು ಕಾಣುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅದಕ್ಕೆ ಅಡ್ಡ ಇದೆ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿದೆ. ಕಾಯ್ದೆ ಬಿಟ್ಟರೂ, ಆ ಒತ್ತಡಕ್ಕೆಂದು ಮಾಡದ ಪಿಸ್ಟನ್ನಿಗೆ ಅದು ಬಡಿತವೇ ಸರಿ.

ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ. ದಿನಾ ಉಣಕಲ್, ನವಲೂರು, ಜ್ಯುಬಿಲಿ ಸರ್ಕಲ್ ಎಂದು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವವರಿಗೆ ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಎಂಜಿನ್ ಸಾಕು. ತುಂಬಿದ ಗಾಡಿಯಲ್ಲಿ ಅರಬೈಲು ಘಟ್ಟ ಹತ್ತಿಳಿಯುವವರಿಗೆ, ಹೆದ್ದಾರಿಯೇ ಮನೆಯಾದವರಿಗೆ ಟರ್ಬೊ ನಿಜವಾಗಿ ದುಡಿಯುತ್ತದೆ. ಅವರು ಆಯಿಲಿಗೆ ಜಿಪುಣತನ ಮಾಡಬಾರದು. ಸೂಪರ್‌ಚಾರ್ಜರ್ ಗುಣದಲ್ಲಿ ನಮ್ಮ ಪೇಟೆಯ ಓಡಾಟಕ್ಕೆ ಒಗ್ಗುತ್ತಿತ್ತು, ಆದರೆ ಇಲ್ಲಿ ಅದರ ಬಿಡಿಭಾಗವೂ ಇಲ್ಲ, ಬಿಚ್ಚುವ ಕೈಯೂ ಇಲ್ಲ.

ಸಾಹಿತ್ಯದ ಪುಟದಲ್ಲಿ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾತು. ಧಾರವಾಡದಲ್ಲಿ ಕನ್ನಡ ಸಂಶೋಧನೆ ಮಾಡುವ ನಾವು ವಚನದ ಒಂದು ಪದಕ್ಕೆ ವಾರಗಟ್ಟಲೆ ಜಗಳಾಡುತ್ತೇವೆ, ಆಡಲೇಬೇಕು. ಆದರೆ ಮಾವನ ಗಾಡಿಯ ಕೈಪಿಡಿಯಲ್ಲಿ ಆಯಿಲಿನ ಎಚ್ಚರಿಕೆ ಇತ್ತು, ಇಂಗ್ಲಿಷಿನಲ್ಲಿ. ಹಳೆ ಹುಬ್ಬಳ್ಳಿಯ ಗ್ಯಾರೇಜಿನ ಹುಡುಗನಿಗೆ ಅದೇ ವಿಷಯ ಕನ್ನಡದಲ್ಲಿ ಗೊತ್ತಿತ್ತು, ಬರಹದಲ್ಲಿ ಇರಲಿಲ್ಲ. ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಬರೆದ ಶಿವರಾಮ ಕಾರಂತರು ಕಾದಂಬರಿಕಾರರಾಗಿದ್ದೂ ಇದನ್ನು ತಮ್ಮ ಕೆಲಸವಲ್ಲ ಎನ್ನಲಿಲ್ಲ. ಕರ್ನಾಟಕದಲ್ಲಿ ಮಾರುವ ಪ್ರತಿ ಕಾರಿನೊಂದಿಗೆ ಕನ್ನಡದ ಕೈಪಿಡಿ ಬರಬೇಕು. ಹಳೇ ಗಾಡಿ ಕೈ ಬದಲಿಸುವಾಗ ಆಯಿಲ್ ಬದಲಿಸಿದ ದಾಖಲೆ ಅದರೊಂದಿಗೆ ಹೋಗುವುದು ಕಡ್ಡಾಯವಾಗಬೇಕು. ಇದನ್ನು ಕೇಳಬೇಕಾದವರು ನಾವು, ಭಾಷೆಯ ಕೂಳು ತಿನ್ನುವವರು. ಅಲ್ಲಿಯವರೆಗೆ ಯಾರಾದರೂ ‘ಪುಕ್ಕಟೆ’ ಎಂದರೆ, ‘ಯಾರ ಲೆಕ್ಕದಾಗ್ರಿ?’ ಎಂದು ಕೇಳಿಯೇ ಮುಂದೆ ಹೋಗಿ.