ಕುಡಿಯದ ಅಪ್ಪನ ಲಿವರ್ ರಿಪೋರ್ಟು

ಹೋದ ದೀಪಾವಳಿಗೆ ಬಬ್ಬೂರಿಗೆ ಹೋದಾಗ ಅಪ್ಪ ದೇವರ ಫೋಟೋ ಹಿಂದಿನಿಂದ ಒಂದು ಕವರ್ ತೆಗೆದು ಕೈಗಿಟ್ಟರು. ಹಿರಿಯೂರಲ್ಲಿ ಮಾಡಿಸಿದ್ದ ರಕ್ತಪರೀಕ್ಷೆ, ಸ್ಕ್ಯಾನಿಂಗ್ ರಿಪೋರ್ಟು. ‘ಫ್ಯಾಟಿ ಲಿವರ್, ಗ್ರೇಡ್ 2’ ಅಂತಿತ್ತು. ಮೂರು ತಿಂಗಳಿಂದ ಅಮ್ಮನಿಗೂ ತೋರಿಸಿರಲಿಲ್ಲ.

“ಯಾಕಪ್ಪ ಹೇಳ್ಲೇ ಇಲ್ಲ?”

“ಏನಂತ ಹೇಳ್ಲಪ್ಪ? ಲಿವರ್ ಅಂದ ತಕ್ಷಣ ಊರೋರು ಕೇಳೋದು ಒಂದೇ, ಯಾವಾಗಿಂದ ಶುರು ಹಚ್ಕಂಡೆ ಅಂತ.”

ನಮ್ಮಪ್ಪ ಒಂದು ಹನಿ ಮುಟ್ಟಿದವರಲ್ಲ. ಆದರೆ ಹನ್ನೆರಡು ವರ್ಷದಿಂದ ಶುಗರ್ ಇದೆ. ‘ಸಕ್ಕರೆ ಕಮ್ಮಿ’ ಅಂತ ಹೇಳ್ಕೊಂಡೇ ದಿನಕ್ಕೆ ಆರು ಲೋಟ ಟೀ, ಸಂಜೆ ಮಂಡಕ್ಕಿ ಮಿರ್ಚಿ. ಮೊದಲು ತೋಟಕ್ಕೆ ನಡೆದೇ ಹೋಗ್ತಿದ್ರು. ನಾನು ಕೆಲಸ ಸಿಕ್ಕ ಖುಷಿಗೆ ಬೈಕ್ ಕೊಡಿಸಿದೆ, ಅದೂ ನಿಂತಿತು.

ಬೆಂಗಳೂರಿಗೆ ಕರ್ಕೊಂಡು ಬಂದು ಫೈಬ್ರೋಸ್ಕ್ಯಾನ್ ಮಾಡಿಸಿದೆ. ಸ್ಕ್ಯಾನಿಂಗ್‌ನಲ್ಲಿ ಬರೆಯೋ ‘ಗ್ರೇಡ್’ ಕೊಬ್ಬಿನ ಲೆಕ್ಕ. ಇದು ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುತ್ತೆ, ಅಂದರೆ ಗಾಯದ ಕಲೆಯ ಲೆಕ್ಕ. ಆ ಕಲೆಗೇ ಫೈಬ್ರೋಸಿಸ್ ಅನ್ನೋದು. ಎಫ್0 ಅಂದರೆ ಕಲೆ ಇಲ್ಲ, ಎಫ್4 ಅಂದರೆ ಸಿರೋಸಿಸ್. ಅಪ್ಪನದು ಎಫ್2.

ಡಾಕ್ಟರ್ ವಿವರಿಸಿದ್ದು ನನಗೆ ಆಫೀಸಿನ ಭಾಷೆಯಲ್ಲೇ ಅರ್ಥ ಆಯ್ತು. ಲಿವರ್‌ನಲ್ಲಿ ನಕ್ಷತ್ರದ ಆಕಾರದ ಜೀವಕೋಶಗಳಿವೆ. ಮಾಮೂಲಿ ದಿನಗಳಲ್ಲಿ ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ. ಲಿವರ್‌ಗೆ ಪೆಟ್ಟು ಬಿದ್ದರೆ ಇವು ರೂಪ ಬದಲಿಸಿ ಕೊಲಾಜೆನ್ ಅನ್ನೋ ನಾರನ್ನು ತಯಾರಿಸಿ ತೇಪೆ ಹಾಕ್ತವೆ. ಒಂದೆರಡು ತೇಪೆ ಒಳ್ಳೇದೇ. ಆದರೆ ಮೂಲ ಬಗ್ ಹಾಗೇ ಇದ್ದು ದಿನಾ ಪ್ಯಾಚ್ ಹಾಕ್ತಾ ಹೋದರೆ ಕೋಡ್ ಏನಾಗುತ್ತೆ ಅಂತ ನಿಮಗೇ ಗೊತ್ತು. ಆ ಬಗ್ ಹೆಂಡ ಆಗಿರಬಹುದು, ಹೆಪಟೈಟಿಸ್ ವೈರಸ್ ಆಗಿರಬಹುದು, ಅಪ್ಪನಂಥವರಲ್ಲಿ ಶುಗರ್ ಮತ್ತು ಕೊಬ್ಬು.

“ಇದಕ್ಕೆ ಮಾತ್ರೆ ಇಲ್ವಾ?” ಅಂತ ಅಪ್ಪ ಕೇಳಿದರು. ಅವತ್ತು ರಾತ್ರಿ ಕೂತು ಓದಿದೆ.

ಮೊದಮೊದಲು ಕೆಲವು ಕಂಪನಿಗಳು ತೇಪೆಗೇ ನೇರವಾಗಿ ಕೈ ಹಾಕಿದವು. ಕೊಲಾಜೆನ್ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳೋದನ್ನ ತಡೆಯಲು ಸಿಮ್ಟುಜುಮ್ಯಾಬ್ ಬಂತು, ಪ್ರಯೋಗದಲ್ಲಿ ಸೋತಿತು. ಜೀವಕೋಶದೊಳಗಿನ ಒತ್ತಡದ ಸಂಕೇತ ತಡೆಯೋ ಸೆಲೋನ್ಸರ್ಟಿಬ್ 2019ರಲ್ಲಿ ಕೊನೆಯ ಹಂತದಲ್ಲಿ ಬಿತ್ತು.

ಗೆದ್ದಿದ್ದು ಬಗ್ ಸರಿಮಾಡಿದವು. ಹೆಪಟೈಟಿಸ್ ಬಿ ವೈರಸ್ ಅದುಮಿಡೋ ಟೆನೋಫೋವಿರ್ ಮಾತ್ರೆಯ ಅಧ್ಯಯನ 2013ರಲ್ಲಿ ಪ್ರಕಟವಾಯ್ತು. ಅದರಲ್ಲಿ ಸಿರೋಸಿಸ್ ಇದ್ದ 96 ಜನರ ಪೈಕಿ 71 ಜನಕ್ಕೆ ಐದು ವರ್ಷದ ನಂತರ ಸಿರೋಸಿಸ್ ಇರಲಿಲ್ಲ. ಅಂದರೆ ಕಲೆ ವಾಪಸ್ ಕರಗುತ್ತೆ. ನನಗೆ ಆ ರಾತ್ರಿ ನಿದ್ದೆ ಬರೋಕೆ ಇಷ್ಟು ಸಾಕಾಯ್ತು.

ಕೊಬ್ಬಿನ ಲಿವರ್‌ಗೆ ನಮ್ಮ ದೇಶದಲ್ಲಿ 2020ರಲ್ಲೇ ಝೈಡಸ್ ಕಂಪನಿಯ ಸರೋಗ್ಲಿಟಜಾರ್‌ಗೆ ಒಪ್ಪಿಗೆ ಸಿಕ್ಕಿತ್ತು. ಅಮೆರಿಕದಲ್ಲಿ ಮೊದಲ ಔಷಧಿ, ರೆಸ್ಮೆಟಿರೋಮ್, ಒಪ್ಪಿಗೆ ಪಡೆದಿದ್ದು 2024ರ ಮಾರ್ಚ್‌ನಲ್ಲಿ. ಒಂದು ವರ್ಷ ತಗೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕಲೆ ಒಂದು ಹಂತ ಇಳಿಯಿತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲೂ ಏಳರಲ್ಲಿ ಒಬ್ಬರಿಗೆ ಇಳಿದಿತ್ತು! 2025ರ ಆಗಸ್ಟ್‌ನಲ್ಲಿ ತೂಕ ಇಳಿಸೋ ಇಂಜೆಕ್ಷನ್ ಸೆಮಗ್ಲುಟೈಡ್‌ಗೂ ಅಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬರೀ ಊಟ ಓಡಾಟ ಬದಲಿಸಿ ತೂಕವನ್ನು ಶೇ 10ರಷ್ಟು ಇಳಿಸಿದವರಲ್ಲಿ ಶೇ 45 ಜನಕ್ಕೆ ಕಲೆ ಕಮ್ಮಿಯಾಗಿತ್ತು. ಎರಡೂ ಬೇರೆ ಬೇರೆ ಅಧ್ಯಯನ, ನೇರ ಹೋಲಿಸೋ ಹಾಗಿಲ್ಲ. ಆದರೂ ಮಾತ್ರೆ ಬರಲಿ ಅಂತ ಕಾಯ್ತಾ ಕೂರೋದು ದಡ್ಡತನ ಅನ್ನಿಸಿತು.

ಹೊಸ ಔಷಧಿಯನ್ನ ಪರೀಕ್ಷಿಸೋದೂ ಸುಲಭ ಅಲ್ಲ. ಇಲಿಯ ಲಿವರ್‌ನಲ್ಲಿ ಗೆದ್ದಿದ್ದು ಮನುಷ್ಯರಲ್ಲಿ ಸೋಲುತ್ತೆ. ಅದಕ್ಕೇ ಬೆಂಗಳೂರಿನ ಪಂಡೋರಂ ಕಂಪನಿಯವರು, ಐಐಎಸ್‌ಸಿಯಲ್ಲಿ ಓದಿದವರು ಕಟ್ಟಿದ್ದು, 2015ರಲ್ಲಿ ತ್ರೀಡಿ ಪ್ರಿಂಟಿಂಗ್‌ನಿಂದ ಮನುಷ್ಯರ ಲಿವರ್ ಅಂಗಾಂಶ ಮಾಡಿ ತೋರಿಸಿದ್ದು ದೊಡ್ಡ ಸುದ್ದಿಯಾಗಿತ್ತು.

ಅಪ್ಪನಿಗೆ ಡಾಕ್ಟರ್ ಶುಗರ್ ಮಾತ್ರೆ ಬದಲಿಸಿ, 82 ಕೆಜಿಯಿಂದ ಎಂಟು ಕೆಜಿ ಇಳಿಸಿ ಅಂದರು. ಬೈಕ್ ಕೀ ಅಮ್ಮನ ಕೈಗೆ ಹೋಯ್ತು. ಟೀ ಎರಡಕ್ಕೆ ಇಳೀತು. ಎಂಟು ತಿಂಗಳಲ್ಲಿ ಆರು ಕೆಜಿ ಇಳಿದಿದೆ, ಲಿವರ್ ಗಟ್ಟಿತನವೂ ಸ್ವಲ್ಪ ಇಳಿದಿದೆ. ಒಂದು ಅಳತೆ ನೋಡಿ ಗೆದ್ದೆ ಅನ್ನಬೇಡಿ ಅಂದಿದ್ದಾರೆ ಡಾಕ್ಟರ್.

ನಮ್ಮದೂ ಏನು ಚೆನ್ನಾಗಿಲ್ಲ. ಹೈದರಾಬಾದ್ ವಿಶ್ವವಿದ್ಯಾಲಯದವರು 345 ಐಟಿ ನೌಕರರನ್ನ ಪರೀಕ್ಷಿಸಿದಾಗ ಶೇ 84 ಜನರ ಲಿವರ್‌ನಲ್ಲಿ ಕೊಬ್ಬು ಹೆಚ್ಚಿತ್ತು. 2025ರಲ್ಲಿ ಪ್ರಕಟವಾದ ವರದಿ ಇದು.

ಒಂದು ಲೆಕ್ಕ ಹೇಳ್ತೀನಿ, ಹೆಸರು ಫಿಬ್-4. ಮಾಮೂಲಿ ರಕ್ತಪರೀಕ್ಷೆ ರಿಪೋರ್ಟ್ ಸಾಕು. ವಯಸ್ಸನ್ನ ಎಎಸ್‌ಟಿಯಿಂದ ಗುಣಿಸಿ. ಪ್ಲೇಟ್‌ಲೆಟ್‌ನ ಸಾವಿರದ ಲೆಕ್ಕದಲ್ಲಿ ತಗೊಂಡು (1.8 ಲಕ್ಷ ಅಂದರೆ 180) ಎಎಲ್‌ಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನ ಎರಡನೆಯದರಿಂದ ಭಾಗಿಸಿ. ಅಪ್ಪನಿಗೆ 61 ವರ್ಷ, ಎಎಸ್‌ಟಿ 58, ಎಎಲ್‌ಟಿ 64, ಪ್ಲೇಟ್‌ಲೆಟ್ 180. ಬಂದಿದ್ದು 2.46. 1.3ಕ್ಕಿಂತ ಕಮ್ಮಿ ಬಂದರೆ ದೊಡ್ಡ ಕಲೆ ಇರೋ ಸಾಧ್ಯತೆ ಕಮ್ಮಿ, 65 ದಾಟಿದವರಿಗೆ ಈ ಗೆರೆ 2. ಜಾಸ್ತಿ ಬಂದರೆ ಕಾಯಿಲೆ ಅಂತಲ್ಲ, ಡಾಕ್ಟರ್ ಹತ್ರ ಹೋಗಿ ಅಂತ ಅರ್ಥ. 35ಕ್ಕಿಂತ ಚಿಕ್ಕವರಲ್ಲಿ ಇದು ಅಷ್ಟು ನಂಬಿಕಸ್ತ ಅಲ್ಲ. ಹಾಗಾಗಿ ಮೊದಲು ಅಪ್ಪ ಅಮ್ಮನದು ಮಾಡಿ, ಶುಗರ್ ಇದ್ದರಂತೂ ತಪ್ಪದೆ.

ಮೊನ್ನೆ ಟೀ ಅಂಗಡಿ ಹತ್ರ ಯಾರೋ ಅಪ್ಪನಿಗೆ ಆ ಪ್ರಶ್ನೆ ಕೇಳೇಬಿಟ್ಟರಂತೆ. “ಕುಡಿದಿದ್ದಲ್ಲ ಕಣಯ್ಯ, ಕೂತಿದ್ದು. ನಿನ್ನ ಹೊಟ್ಟೇನೂ ಒಂದ್ಸಲ ತೋರಿಸ್ಕ” ಅಂದರಂತೆ.

ಮುಂದಿನ ಸಲ ಊರಿಗೆ ಹೋದಾಗ ದೇವರ ಫೋಟೋ ಹಿಂದೆ ಒಂದ್ಸಲ ಕೈ ಹಾಕಿ ನೋಡಿ.