ಗೋಲಿನ ಜಮಾ-ಖರ್ಚು

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವೆಸಿದವನು ನಾನು. ಜಮಾ ಕಂಡ ಕೂಡಲೇ ಕಣ್ಣು ಖರ್ಚಿನ ಕಡೆ ಹೋಗುತ್ತೆ, ಫುಟ್‌ಬಾಲ್ ನೋಡುವಾಗಲೂ!

2024ರಲ್ಲಿ ಎಂಬಾಪೆ ರಿಯಲ್ ಮ್ಯಾಡ್ರಿಡ್ ಸೇರಿದಾಗ ಮಗ ಕುಣಿದಾಡಿದ. "ಅಪ್ಪಾ, ಇನ್ನು ನಮ್ಮನ್ನ ಹಿಡಿಯೋರಿಲ್ಲ!" ಮುಂಬಯಿಯಲ್ಲಿ ಹುಟ್ಟಿದವನಿಗೆ ಮ್ಯಾಡ್ರಿಡ್ 'ನಮ್ಮದು'. ಇರಲಿ ಬಿಡಿ.

ಜಮಾ ಚೆನ್ನಾಗಿಯೇ ಬಂತು. ಆ ಸೀಸನ್ನಿನ ಸ್ಪೇನ್ ಲೀಗಿನಲ್ಲಿ 31 ಗೋಲು, ಎಲ್ಲರಿಗಿಂತ ಹೆಚ್ಚು. ಖರ್ಚು? ಎಂಬಾಪೆಗೂ ವಿನಿಸಿಯಸ್‌ಗೂ ಇಷ್ಟವಾದದ್ದು ಅದೇ ಎಡಬದಿ. ಇಬ್ಬರೂ ಅಲ್ಲೇ ಸೇರಿದರೆ ಗೋಲಿನ ಮುಂದೆ ಯಾರು? ಹಿಂದಿನ ಸೀಸನ್ನಿನಲ್ಲಿ ನಡುವಿನ ಖಾಲಿ ಜಾಗಕ್ಕೆ ನುಗ್ಗಿ 19 ಗೋಲು ಹೊಡೆದಿದ್ದ ಬೆಲಿಂಗ್‌ಹ್ಯಾಮ್ ಹಿಂದೆ ಸರಿದು 9ಕ್ಕೆ ನಿಂತ. ಹಿಂದಿನಿಂದ ಚೆಂಡು ಹಂಚುತ್ತಿದ್ದ ಕ್ರೂಸ್ ನಿವೃತ್ತನಾಗಿದ್ದ. ಲೀಗೂ ಕೋಪಾ ಡೆಲ್ ರೇಯೂ ಬಾರ್ಸಿಲೋನಾ ಪಾಲಾದವು.

ಎಂಬಾಪೆಯನ್ನು ಕಳೆದುಕೊಂಡ ಪ್ಯಾರಿಸ್ ತಂಡ? 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಂಟರ್ ಮಿಲಾನ್ ಮೇಲೆ 5-0! ಅಲ್ಲಿ ಡೆಂಬೆಲೆಯಂಥ ಮುಂಚೂಣಿಯವನೂ ಚೆಂಡು ಹೋದರೆ ಬೆನ್ನಟ್ಟಿ ಓಡುತ್ತಿದ್ದ. ಮಧ್ಯರಾತ್ರಿ ಇಬ್ಬರೂ ಕೂತು ನೋಡಿದೆವು. ಮಗ ತುಟಿ ಬಿಚ್ಚಲಿಲ್ಲ.

ಎಂಬಾಪೆಯನ್ನು ದೂರುತ್ತಿಲ್ಲ. ಅವನ ಕೆಲಸ ಅವನು ಮಾಡಿದ. ಆದರೆ ತಾರೆಯನ್ನು ತರುವಾಗ ಎಷ್ಟು ಗೋಲು ತರುತ್ತಾನೆ ಅಂತ ಮಾತ್ರ ಕೇಳಿದರೆ ಸಾಲದು. ಯಾರ ಜಾಗ ಹೋಗುತ್ತೆ, ಅವನ ಪಾಲಿನ ಓಟ ಯಾರು ಓಡಬೇಕು ಅಂತಲೂ ಕೇಳಬೇಕು.

ನಮ್ಮ ಶಾಖೆಗೂ ಒಮ್ಮೆ ಠೇವಣಿ ತರುವುದರಲ್ಲಿ ಹೆಸರುವಾಸಿಯಾದ ಆಫೀಸರರೊಬ್ಬರು ಬಂದಿದ್ದರು. ಅವರ ಲೆಕ್ಕ ಏರಿತು, ಶಾಖೆಯದು ಇಳಿಯಿತು. ನನ್ನ ಗ್ರಾಹಕರನ್ನೂ ಅವರಿಗೇ ಒಪ್ಪಿಸಿದ್ದರು. ಆ ವರ್ಷ ಟಾರ್ಗೆಟ್ ತಪ್ಪಿದವನು ನಾನು.

ಬೆಲಿಂಗ್‌ಹ್ಯಾಮ್‌ನನ್ನು ಕಂಡರೆ ಪಾಪ ಅನ್ನಿಸುವುದು ಅದಕ್ಕೇ ಇರಬೇಕು. ನೀವೇನಂತೀರಿ?